ನಡುವೆ ಬರುವ ಓಟು

ಉಪಚುನಾವಣೆಯ ಫಲಿತಾಂಶ ಬಂದ ದಿನ ಟೀವಿಯವರು "ಇದು ಮುಂದಿನ ಚುನಾವಣೆಯ ದಿಕ್ಸೂಚಿ" ಅಂತ ಶುರುಮಾಡಿದ ಕೂಡಲೇ ಪಕ್ಕದ ಮನೆ ಮೇಷ್ಟ್ರು ಟೀವಿ ಆರಿಸಿ ಹಿತ್ತಲಿಗೆ ಬರುತ್ತಾರೆ. ನಾನೂ ಬಂದಿರುತ್ತೇನೆ. ನಡುವೆ ಎದೆಮಟ್ಟದ ದಾಸವಾಳದ ಬೇಲಿ. ಅವರು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು, ಸರ್ವಿಸ್ ಉದ್ದಕ್ಕೂ ಎಲೆಕ್ಷನ್ ಡ್ಯೂಟಿ ಮಾಡಿದವರು. ಮಸ್ಟರಿಂಗ್, ಡಿಮಸ್ಟರಿಂಗ್, ಬೂತಿನಲ್ಲಿ ಚಾಪೆ ಹಾಸಿ ಕಳೆದ ರಾತ್ರಿ, ಎಲ್ಲ ಗೊತ್ತು. ಮೇಲಾಗಿ ನಾವಿಬ್ಬರೂ ಚಿಕ್ಕಮಗಳೂರಿನವರು. ದೇಶದ ಜನ ನಮ್ಮೂರ ಹೆಸರು ಹೇಳೋದಕ್ಕೆ ಕಲಿತದ್ದೇ ಒಂದು ಉಪಚುನಾವಣೆಯಿಂದ.

"1978ರಲ್ಲಿ ನಾನಿನ್ನೂ ಕೆಲಸಕ್ಕೆ ಸೇರಿದ ಹೊಸತು ಕಣಮ್ಮಾ," ಅಂತ ಅವರು ಶುರುಮಾಡಿದರೆ ನಾನು ನಡುವೆ ಬಾಯಿ ಹಾಕೋದಿಲ್ಲ. ರಾಯ್‌ಬರೇಲಿಯಲ್ಲಿ ಸೋತು ವರ್ಷದ ಮೇಲಾಗಿದ್ದ ಇಂದಿರಾ ಗಾಂಧಿಯವರಿಗೆ ಡಿ.ಬಿ. ಚಂದ್ರೇಗೌಡರು ತಮ್ಮ ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು. ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು. ಅವರೇನು ಸಾಮಾನ್ಯರಲ್ಲ, ಮುಖ್ಯಮಂತ್ರಿಯಾಗಿದ್ದವರು. ಅವರ ಪರವಾಗಿ ಜಾರ್ಜ್ ಫರ್ನಾಂಡಿಸ್ ಮಲೆನಾಡಿನ ತಿರುವು ತಿರುವಿನಲ್ಲೂ ಭಾಷಣ ಮಾಡಿದರು. ಆ ನವೆಂಬರಿನಲ್ಲಿ ಇಂದಿರಾ ಗೆದ್ದದ್ದು 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ. ಮರುತಿಂಗಳೇ ಲೋಕಸಭೆ ಅವರನ್ನು ಹೊರಗೆ ಹಾಕಿತು. 1980ರ ಜನವರಿಯಲ್ಲಿ ಅವರು ಮತ್ತೆ ಪ್ರಧಾನಿ. ಕರ್ನಾಟಕದ 28ರಲ್ಲಿ 27 ಸ್ಥಾನ ಅವರ ಪಕ್ಷಕ್ಕೆ.

"ನಮ್ಮೂರಿನ ಉಪಚುನಾವಣೆ ಸುಳ್ಳು ಹೇಳಲಿಲ್ಲ. ದೇಶದ ಗಾಳಿ ತಿರುಗಿದ್ದನ್ನ ಮೊದಲು ಹೇಳಿದ್ದೇ ನಾವು," ಅಂತ ಮೇಷ್ಟ್ರ ವಾದ.

ಇಲ್ಲಿಂದಲೇ ನಮ್ಮಿಬ್ಬರ ದಾರಿ ಬೇರೆ. "ಅಲ್ಲ ಮೇಷ್ಟ್ರೇ, ಆಗ ಬೆಂಗಳೂರಿನಲ್ಲಿ ಸರ್ಕಾರ ಯಾರದಿತ್ತು?" ಅಂತ ನಾನು ಕೇಳುತ್ತೇನೆ. ದೇವರಾಜ ಅರಸರದು. ಅದೇ ವರ್ಷ ಇಂದಿರಾ ಕಾಂಗ್ರೆಸ್ಸಿನಿಂದ ಗೆದ್ದು ಬಂದಿದ್ದ ಸರ್ಕಾರ. ದಿಲ್ಲಿಯಲ್ಲಿ ಜನತಾ ಪಕ್ಷ ಇದ್ದಿರಬಹುದು, ಆದರೆ ತಾಲ್ಲೂಕು ಕಚೇರಿ, ಮಂತ್ರಿಗಳ ಜೀಪು, ಭೂಸುಧಾರಣೆಯ ಹೆಸರು, ಎಲ್ಲ ಅರಸರ ಕಡೆ ಇತ್ತು. ಇಂದಿರಾ ದೊಡ್ಡವರೇ, ಆ ಗೆಲುವೂ ದೊಡ್ಡದೇ. ಆದರೂ ಅದು ಆಳುವ ಪಕ್ಷದ ಗೆಲುವು. ಉಪಚುನಾವಣೆಯಲ್ಲಿ ಆಳುವ ಪಕ್ಷ ಗೆದ್ದರೆ ನಾನು ಅದಕ್ಕೆ ಅರ್ಧ ಬೆಲೆಯನ್ನೂ ಕೊಡೋದಿಲ್ಲ.

ಯಾಕೆ ಅಂದರೆ, ಉಪಚುನಾವಣೆಯ ಮತದಾರ ಸರ್ಕಾರ ಯಾರದಾಗಬೇಕು ಅಂತ ಓಟು ಹಾಕೋದಿಲ್ಲ. ಸರ್ಕಾರ ಆಗಲೇ ಇದೆ. ಉಳಿದ ಅವಧಿಗೆ ನಮ್ಮ ಕ್ಷೇತ್ರದ ಕೆಲಸ ಯಾರಿಂದ ಆದೀತು ಅನ್ನೋದಷ್ಟೇ ಅವನ ಮುಂದಿರುವ ಪ್ರಶ್ನೆ. ಮೇಷ್ಟ್ರ ಭಾವಮೈದ ಒಬ್ಬರು ಗುಂಡ್ಲುಪೇಟೆ ಕಡೆಯವರು. 2017ರ ಏಪ್ರಿಲಿನಲ್ಲಿ ಅಲ್ಲೂ ನಂಜನಗೂಡಿನಲ್ಲೂ ಉಪಚುನಾವಣೆ ನಡೆದಾಗ ಅವರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಇನ್ನೊಂದು ವರ್ಷ ಇವರದೇ ಸರ್ಕಾರ ಭಾವ, ಕೆರೆಗೆ ನೀರು ಬರಬೇಕಲ್ಲ." ಎರಡೂ ಕಡೆ ಸಿದ್ದರಾಮಯ್ಯನವರ ಕಾಂಗ್ರೆಸ್ ಗೆದ್ದಿತು. ನಂಜನಗೂಡಿನಲ್ಲಿ ಸೋತದ್ದು ವಿ. ಶ್ರೀನಿವಾಸಪ್ರಸಾದರಂಥ ಹಳೆಯ ಹುಲಿ. ಬಿಜೆಪಿಯ ಕಥೆ ಮುಗಿಯಿತು ಅಂತ ಆವತ್ತು ಎಷ್ಟು ಜನ ಬರೆದರು! 13 ತಿಂಗಳು ಕಳೆದು ವಿಧಾನಸಭಾ ಚುನಾವಣೆ ಬಂದಾಗ ಎರಡೂ ಕ್ಷೇತ್ರ ಬಿಜೆಪಿಗೆ. ಗುಂಡ್ಲುಪೇಟೆಯಲ್ಲಿ ಗೆದ್ದವರು ಉಪಚುನಾವಣೆಯಲ್ಲಿ ಸೋತಿದ್ದ ನಿರಂಜನ್ ಕುಮಾರ್ ಅವರೇ. ಆ ಜನ 13 ತಿಂಗಳಲ್ಲಿ ಮನಸ್ಸು ಬದಲಿಸಿದರು ಅಂತ ನನಗೆ ಅನ್ನಿಸೋದಿಲ್ಲ. ಮೊದಲ ಸಲ ಕೇಳಿದ ಪ್ರಶ್ನೆ ಬೇರೆ, ಎರಡನೇ ಸಲ ಕೇಳಿದ ಪ್ರಶ್ನೆ ಬೇರೆ.

2018ರ ನವೆಂಬರಿನದು ಇನ್ನೂ ದೊಡ್ಡ ಪಾಠ. ಕುಮಾರಸ್ವಾಮಿಯವರ ಮೈತ್ರಿ ಸರ್ಕಾರ ಆರು ತಿಂಗಳ ಕೂಸು. ಮೂರು ಲೋಕಸಭೆ, ಎರಡು ವಿಧಾನಸಭೆ, ಒಟ್ಟು ಐದರಲ್ಲಿ ನಾಲ್ಕು ಮೈತ್ರಿಗೆ. ಬಿಜೆಪಿಯ ಕೋಟೆ ಅಂತಿದ್ದ ಬಳ್ಳಾರಿಯಲ್ಲಿ ಕಾಂಗ್ರೆಸ್ಸಿನ ಉಗ್ರಪ್ಪನವರಿಗೆ 2.43 ಲಕ್ಷದ ಅಂತರ. ಮಂಡ್ಯದಲ್ಲಿ ಜೆಡಿಎಸ್‌ಗೆ 3.24 ಲಕ್ಷದ ಅಂತರ. ಕಾಂಗ್ರೆಸ್ಸೂ ಜೆಡಿಎಸ್ಸೂ ಕೂಡಿದರೆ ಬಿಜೆಪಿ ಎಲ್ಲೂ ಏಳೋದಿಲ್ಲ ಅಂತ ಲೆಕ್ಕ ಹಾಕಿದವರಲ್ಲಿ ಮೇಷ್ಟ್ರೂ ಒಬ್ಬರು. ಆರು ತಿಂಗಳು ಕಳೆಯೋದರೊಳಗೆ ಲೋಕಸಭಾ ಚುನಾವಣೆ ಬಂತು. ಬಿಜೆಪಿಗೆ 28ರಲ್ಲಿ 25. ಬಳ್ಳಾರಿ ಮರಳಿ ಬಿಜೆಪಿಗೆ, ಮಂಡ್ಯ ಪಕ್ಷೇತರರಾಗಿ ನಿಂತ ಸುಮಲತಾ ಅವರಿಗೆ. ಮೈತ್ರಿಗೆ ಉಳಿದದ್ದು ಬೆಂಗಳೂರು ಗ್ರಾಮಾಂತರ, ಹಾಸನ ಎರಡೇ.

"ಎರಡು ಪಕ್ಷದ ಓಟು ಕೂಡಿಸೋದು ಕಾಗದದ ಮೇಲೆ ಆಗುತ್ತೆ, ಹಳ್ಳೀಲಿ ಆಗಲ್ಲ," ಅಂತ ಮೇಷ್ಟ್ರು ಈಗ ಹೇಳುತ್ತಾರೆ. ಮಂಡ್ಯದ ಹಳ್ಳಿಗಳಲ್ಲಿ ನಲವತ್ತು ವರ್ಷ ಒಬ್ಬರಿಗೊಬ್ಬರು ಎದುರು ನಿಂತ ಕಾರ್ಯಕರ್ತರು ಮೇಲಿನವರು ಕೈ ಕುಲುಕಿದ ಮಾತ್ರಕ್ಕೆ ಒಂದಾಗುವುದಿಲ್ಲ. ಉಪಚುನಾವಣೆಯಲ್ಲಿ ಸರ್ಕಾರದ ಭಾರಕ್ಕೆ ಆ ಬಿರುಕು ಮುಚ್ಚಿಕೊಂಡಿತ್ತು.

ಹಾಗಾದರೆ ಉಪಚುನಾವಣೆ ಏನೂ ಹೇಳೋದಿಲ್ಲವಾ? ಹೇಳುತ್ತೆ, ಆಳುವವರು ಸೋತಾಗ ಬಾಯಿಬಿಟ್ಟೇ ಹೇಳುತ್ತೆ. ಮಂತ್ರಿಗಳೆಲ್ಲ ಬಂದು ಹೋಬಳಿ ಹೋಬಳಿ ಹಂಚಿಕೊಂಡು ಕೂತಿದ್ದರೂ, ರಸ್ತೆಗೆ ಜಲ್ಲಿ ಬಿದ್ದಿದ್ದರೂ ಜನ ಬೇಡ ಅಂದರೆ ಅಲ್ಲಿ ಏನೋ ಮುರಿದಿದೆ ಅಂತ ತಿಳಿಯಬೇಕು. ನನ್ನ ಸಾಕ್ಷಿಯೂ ನಮ್ಮೂರಿನದೇ. 2011ರಲ್ಲಿ ನಮ್ಮ ಉಡುಪಿ–ಚಿಕ್ಕಮಗಳೂರಿನ ಸಂಸದರು ಡಿ.ವಿ. ಸದಾನಂದಗೌಡರು ಮುಖ್ಯಮಂತ್ರಿಯಾದರು. ಅವರು ಬಿಟ್ಟ ಲೋಕಸಭಾ ಸ್ಥಾನಕ್ಕೆ 2012ರ ಮಾರ್ಚಿನಲ್ಲಿ ಓಟು. ಮುಖ್ಯಮಂತ್ರಿಯ ಸ್ವಂತ ಕ್ಷೇತ್ರ, ಅದೂ ಬಿಜೆಪಿಯ ಬೇರು ಇಳಿದಿರುವ ಕರಾವಳಿ. ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆಯವರು ಸುನಿಲ್ ಕುಮಾರ್ ಅವರನ್ನು 45 ಸಾವಿರ ಮತಗಳಿಂದ ಸೋಲಿಸಿದರು. ಯಡಿಯೂರಪ್ಪನವರ ಬಣ ಮುನಿಸಿಕೊಂಡು ಕೂತಿತ್ತು, ಪಕ್ಷ ಒಳಗೊಳಗೇ ಎರಡಾಗಿತ್ತು. ಅದಕ್ಕೂ ನಾಲ್ಕು ತಿಂಗಳ ಹಿಂದೆ ಬಳ್ಳಾರಿ ಗ್ರಾಮಾಂತರದಲ್ಲಿ ಬಿಜೆಪಿ ಬಿಟ್ಟು ಪಕ್ಷೇತರರಾಗಿ ನಿಂತ ಶ್ರೀರಾಮುಲು ಭಾರಿ ಅಂತರದಿಂದ ಗೆದ್ದು, ರಾಜ್ಯ ಆಳುತ್ತಿದ್ದ ಬಿಜೆಪಿಯ ಅಭ್ಯರ್ಥಿ ಠೇವಣಿ ಕಳೆದುಕೊಂಡಿದ್ದರು. ಸರ್ಕಾರ ನಡೆಸುತ್ತಿರುವ ಪಕ್ಷಕ್ಕೆ ಚಲಾವಣೆಯಾದ ಓಟಿನ ಆರನೇ ಒಂದು ಭಾಗವೂ ಇಲ್ಲ ಅಂದರೆ ಇನ್ನೇನು ಬೇಕು? 2013ರ ಮೇ ತಿಂಗಳಲ್ಲಿ ಬಿಜೆಪಿ 40ಕ್ಕೆ ಇಳಿಯಿತು, ಕಾಂಗ್ರೆಸ್ 122ಕ್ಕೆ ಏರಿತು.

ಆಮೇಲೆ ಒಂದೇ ವರ್ಷಕ್ಕೆ, 2014ರಲ್ಲಿ, ಇದೇ ನಮ್ಮ ಉಡುಪಿ–ಚಿಕ್ಕಮಗಳೂರು ಶೋಭಾ ಕರಂದ್ಲಾಜೆಯವರನ್ನು ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆಲ್ಲಿಸಿತು. ಮೇಷ್ಟ್ರು ಇದನ್ನು ನನ್ನ ಮಾತಿಗೆ ಎದುರಾಗಿ ಎತ್ತುತ್ತಾರೆ. ನಾನು ಅದನ್ನು ಹಾಗೆ ನೋಡೋದಿಲ್ಲ. ಕನ್ನಡಿಗರು ದಿಲ್ಲಿಗೆ ಹಾಕುವ ಓಟು, ಬೆಂಗಳೂರಿಗೆ ಹಾಕುವ ಓಟು ಎರಡನ್ನೂ ಬೇರೆ ಬೇರೆ ಇಡುತ್ತಾರೆ. 1984ರ ಕೊನೆಗೆ ಲೋಕಸಭೆಯ 24 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟು, ಮೂರು ತಿಂಗಳಿಗೆ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯ 139 ಸ್ಥಾನ ಕೊಟ್ಟವರು ನಾವು. 2012ರಲ್ಲಿ ಇಲ್ಲಿ ನಡೆದದ್ದು ಹೆಸರಿಗೆ ಲೋಕಸಭೆಯ ಓಟು, ಜನ ಹಾಕಿದ್ದು ಬೆಂಗಳೂರಿನ ಜಗಳದ ಮೇಲೆ.

ಸೋಲು ಗೆಲುವು ಬಿಟ್ಟು ಅಂತರವನ್ನೂ ನೋಡಬೇಕು. ಬೆಳಗಾವಿಯಲ್ಲಿ 2019ರಲ್ಲಿ ಬಿಜೆಪಿಯ ಸುರೇಶ್ ಅಂಗಡಿಯವರು ಗೆದ್ದದ್ದು 3.91 ಲಕ್ಷದಿಂದ. ಕೇಂದ್ರ ಮಂತ್ರಿಯಾಗಿದ್ದ ಅವರು ಕೋವಿಡ್‌ನಿಂದ ತೀರಿಕೊಂಡರು. 2021ರಲ್ಲಿ ಅವರ ಪತ್ನಿ ಮಂಗಲಾ ಅಂಗಡಿಯವರು ನಿಂತರು, ರಾಜ್ಯದಲ್ಲಿ ಕೇಂದ್ರದಲ್ಲಿ ಎರಡೂ ಕಡೆ ಅವರದೇ ಸರ್ಕಾರ. ಗೆದ್ದದ್ದು 5,240 ಮತಗಳಿಂದ. ಎದುರಿಗಿದ್ದವರು ಸತೀಶ ಜಾರಕಿಹೊಳಿ. ಮರುದಿನದ ಪತ್ರಿಕೆಯಲ್ಲಿ "ಬಿಜೆಪಿಗೆ ಜಯ" ಅಂತ ಬಂದಿದ್ದನ್ನು ಮೇಷ್ಟ್ರು ಓದಿ ಹೇಳಿದಾಗ ನಾನು ಆ ಸಂಖ್ಯೆಯನ್ನೇ ದಿಟ್ಟಿಸಿ ನೋಡುತ್ತಿದ್ದೆ. ಮೂರೂಮುಕ್ಕಾಲು ಲಕ್ಷಕ್ಕೂ ಹೆಚ್ಚಿನ ಅಂತರ ಎರಡು ವರ್ಷದಲ್ಲಿ ಆವಿಯಾದರೆ ಅದನ್ನು ಜಯ ಅಂತ ಬರೆದು ಸುಮ್ಮನಾಗೋದು ಹೇಗೆ?

ಅದೇ ದಿನ ಬಂದ ಇನ್ನೊಂದು ಫಲಿತಾಂಶ ಮಸ್ಕಿಯದು. ರಾಯಚೂರು ಜಿಲ್ಲೆಯ ಮಸ್ಕಿ, ಅಶೋಕನ ಹೆಸರಿರುವ ಶಾಸನ ಸಿಕ್ಕ ಊರು. ನಾನು ನೋಡಿದ ಉಪಚುನಾವಣೆಗಳಲ್ಲಿ ನನ್ನ ಮನಸ್ಸಿಗೆ ಬಹಳ ಹಿಡಿಸಿದ್ದು ಇದು. 2018ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರವಿಹಾಳರನ್ನು ಸೋಲಿಸಿದ್ದು ಬರೀ 213 ಓಟಿನಿಂದ. 2019ರಲ್ಲಿ ಮೈತ್ರಿ ಸರ್ಕಾರ ಬೀಳಿಸಲು ರಾಜೀನಾಮೆ ಕೊಟ್ಟವರಲ್ಲಿ ಪ್ರತಾಪಗೌಡರೂ ಒಬ್ಬರು. ಆ ಹಳೆಯ ಫಲಿತಾಂಶದ ಮೇಲೆ ಕೋರ್ಟಿನಲ್ಲಿ ತಕರಾರು ಇದ್ದದ್ದರಿಂದ ಉಳಿದ ಕ್ಷೇತ್ರಗಳ ಜೊತೆ ಮಸ್ಕಿಗೆ ಚುನಾವಣೆ ಆಗಲಿಲ್ಲ. 2021ಕ್ಕೆ ಬಂದಾಗ ಪ್ರತಾಪಗೌಡರು ಬಿಜೆಪಿ, ತುರವಿಹಾಳರು ಕಾಂಗ್ರೆಸ್. ಅದೇ ಇಬ್ಬರು ಆಳು, ಚಿಹ್ನೆ ಮಾತ್ರ ಅದಲು ಬದಲು.

ಈಗ ಪಕ್ಷಕ್ಕೆ ಓಟು ಹಾಕುವವರು ಏನು ಮಾಡಬೇಕು? ವ್ಯಕ್ತಿಗೆ ಹಾಕುವವರು ಏನು ಮಾಡಬೇಕು? ಕೆ.ಆರ್. ಪೇಟೆ, ಶಿರಾ ಎರಡೂ ಕಡೆ ಮೊದಲ ಬಾರಿಗೆ ಬಿಜೆಪಿಯನ್ನು ಗೆಲ್ಲಿಸಿ ಬಂದಿದ್ದ ವಿಜಯೇಂದ್ರ ಅವರು ಮಸ್ಕಿಯಲ್ಲೂ ಬೀಡುಬಿಟ್ಟರು. ಮುಖ್ಯಮಂತ್ರಿ ಯಡಿಯೂರಪ್ಪನವರೂ ಬಂದರು. ಇತ್ತ 5ಎ ಕಾಲುವೆಗಾಗಿ ಅಲ್ಲಿನ ರೈತರು ತಿಂಗಳುಗಟ್ಟಲೆ ಧರಣಿ ಕೂತಿದ್ದರು. ತುರವಿಹಾಳರು ಗೆದ್ದರು, 30,606 ಮತಗಳಿಂದ. 213 ಎಲ್ಲಿ, 30,606 ಎಲ್ಲಿ! ನಾವು ಕೊಟ್ಟ ಓಟನ್ನು ನಮ್ಮನ್ನು ಕೇಳದೆ ಬೇರೆಯವರಿಗೆ ಕೊಟ್ಟೆಯಲ್ಲ ಅಂತ ಆ ಜನ ಕೇಳಿದರು. ಹಾಗೆ ಕೇಳೋದಕ್ಕೆ ಅವರಿಗೆ ಹಕ್ಕಿತ್ತು. 2023ರಲ್ಲೂ ತುರವಿಹಾಳರನ್ನೇ ಗೆಲ್ಲಿಸಿದರು. ಒಂದು ಸಲಕ್ಕೆ ಬಂದ ಸಿಟ್ಟಾಗಿದ್ದರೆ ಎರಡು ವರ್ಷಕ್ಕೆ ಇಳಿಯಬೇಕಿತ್ತು.

"ಹಾಗಾದ್ರೆ 2019ರ ಡಿಸೆಂಬರಿನಲ್ಲಿ ಉಳಿದವರನ್ನೆಲ್ಲ ಯಾಕೆ ಗೆಲ್ಲಿಸಿದರಮ್ಮಾ?" ಅಂತ ಮೇಷ್ಟ್ರು ಹಿಡಿದರು. ನ್ಯಾಯವಾದ ಪ್ರಶ್ನೆ. ಹದಿನೈದು ಕ್ಷೇತ್ರದಲ್ಲಿ ಬಿಜೆಪಿ 12 ಗೆದ್ದಿತು. ಪಕ್ಷ ಬಿಟ್ಟು ಬಂದವರಲ್ಲಿ ಹುಣಸೂರಿನಲ್ಲಿ ವಿಶ್ವನಾಥ್, ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್ ಸೋತರು. ಉಳಿದ ಹೆಚ್ಚಿನವರು ಗೆದ್ದರು. ಆಗ ಸರ್ಕಾರ ಉಳಿಯಬೇಕಾದರೆ ಇವರು ಗೆಲ್ಲಲೇಬೇಕಿತ್ತು, ಗೆದ್ದವರು ಮಂತ್ರಿಯಾಗುತ್ತಾರೆ ಅಂತ ಮುಖ್ಯಮಂತ್ರಿಯೇ ಹೇಳಿದ್ದರು. ನಮ್ಮ ಶಾಸಕ ಮಂತ್ರಿಯಾಗುತ್ತಾನೆ ಅನ್ನೋದು ಯಾವ ತಾಲ್ಲೂಕಿಗೆ ಬೇಡ? ಮಸ್ಕಿಯ ಹೊತ್ತಿಗೆ ಆ ಆಸೆ ಹಳತಾಗಿತ್ತು, ಸರ್ಕಾರ ಏನು ಮಾಡಿತು ಅಂತ ನೋಡಿದ್ದರು. ಉಪಚುನಾವಣೆ ಅವಧಿಯ ಮೊದಲಲ್ಲಿ ಬಂತಾ, ಕೊನೆಯಲ್ಲಿ ಬಂತಾ ಅನ್ನೋದನ್ನ ಯಾವತ್ತೂ ನೋಡಬೇಕು. ಮೇಷ್ಟ್ರ ಕಾಫಿ ತೋಟದ ಭಾಷೆಯಲ್ಲೇ ಹೇಳೋದಾದರೆ, ಹೂ ಮಳೆ ಬಿದ್ದ ಮಾತ್ರಕ್ಕೆ ಯಾರೂ ಫಸಲಿನ ಲೆಕ್ಕ ಬರೆಯುವುದಿಲ್ಲ, ಹಿಂದಿನಿಂದ ಬರುವ ಮಳೆಗೂ ಕಾಯುತ್ತಾರೆ. ಅವಧಿ ಅರ್ಧ ದಾಟಿದ ಮೇಲೆ ಬಂದವು ಮಸ್ಕಿ, ಆಮೇಲೆ ಹಾನಗಲ್. ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿ ಮೂರು ತಿಂಗಳಿಗೆ ಅವರದೇ ಹಾವೇರಿ ಜಿಲ್ಲೆಯ ಹಾನಗಲ್ ಕಾಂಗ್ರೆಸ್ಸಿನ ಶ್ರೀನಿವಾಸ ಮಾನೆಯವರಿಗೆ ಹೋಯಿತು. ಅದೇ ದಿನ ಸಿಂದಗಿಯಲ್ಲಿ ಬಿಜೆಪಿ 31 ಸಾವಿರದಿಂದ ಗೆದ್ದದ್ದನ್ನು ಮುಂದೆ ಹಿಡಿದು ಸರ್ಕಾರ ಸಮಾಧಾನಪಟ್ಟಿತು. 2023ರಲ್ಲಿ ಸಿಂದಗಿಯೂ ಕಾಂಗ್ರೆಸ್ಸಿಗೆ ಹೋಯಿತು, ರಾಜ್ಯವೂ 135 ಸ್ಥಾನದೊಂದಿಗೆ.

ಸಿಂದಗಿಯಲ್ಲಿ ಗೆದ್ದವರನ್ನು ಎಲ್ಲರೂ ನೋಡಿದರು. ಅಲ್ಲಿ ನೋಡಬೇಕಾದದ್ದು ಮೂರನೆಯವರನ್ನು. ಅದು ಜೆಡಿಎಸ್ಸಿನ ಸ್ಥಾನ. ಅವರ ಶಾಸಕ ಎಂ.ಸಿ. ಮನಗೂಳಿಯವರು ತೀರಿಕೊಂಡದ್ದರಿಂದ ತೆರವಾಗಿತ್ತು. ಮಗ ಅಶೋಕ ಮನಗೂಳಿ ಕಾಂಗ್ರೆಸ್ಸಿಗೆ ಹೋದರು, ಪಕ್ಷ ಠೇವಣಿಯನ್ನೂ ಉಳಿಸಿಕೊಳ್ಳಲಿಲ್ಲ. ಹಾನಗಲ್‌ನಲ್ಲೂ ಅಷ್ಟೇ. ಉತ್ತರ ಕರ್ನಾಟಕದಲ್ಲಿ ಆ ಪಕ್ಷ ಒಂದೊಂದೇ ಮನೆ ಖಾಲಿ ಮಾಡುತ್ತಿರುವುದು 2021ರಲ್ಲೇ ಕಾಣುತ್ತಿತ್ತು. 2023ರಲ್ಲಿ ಜೆಡಿಎಸ್ 37ರಿಂದ 19ಕ್ಕೆ ಬಿದ್ದಾಗ ಆಶ್ಚರ್ಯಪಟ್ಟವರು ಸಿಂದಗಿಯ ಪಟ್ಟಿಯ ಮೂರನೇ ಸಾಲು ಓದಿರಲಿಲ್ಲ.

ಇಷ್ಟು ಹೊತ್ತು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ ಮೇಷ್ಟ್ರ ಮನೆಯವರು, ನಾನು ಅಕ್ಕ ಅಂತ ಕರೆಯೋದು, ಒಂದು ಮಾತು ಸೇರಿಸಿದರು. "ಗಂಡ ಹೋದ ಹೆಣ್ಣುಮಗಳು ಮನೆ ಬಾಗಿಲಿಗೆ ಬಂದು ಕೈ ಮುಗಿದರೆ ನೀವಿಬ್ಬರೂ ಅಂತರ, ಠೇವಣಿ ಅಂತ ಲೆಕ್ಕ ಹಾಕ್ತಾ ಕೂರ್ತೀರಾ?" ಕುಂದಗೋಳದ ಮಾತು ಅದು. ಸಿ.ಎಸ್. ಶಿವಳ್ಳಿಯವರು ಮಂತ್ರಿಯಾಗಿದ್ದಾಗಲೇ ತೀರಿಕೊಂಡು, ಅವರ ಪತ್ನಿ ಕುಸುಮಾ ಶಿವಳ್ಳಿ 2019ರ ಮೇ ತಿಂಗಳಲ್ಲಿ ನಿಂತರು. ಲೋಕಸಭೆಯಲ್ಲಿ ಬಿಜೆಪಿ 25 ಗೆದ್ದ ಅದೇ ದಿನ ಕುಂದಗೋಳ ಕಾಂಗ್ರೆಸ್ಸಿನ ಕೈಲಿ ಉಳಿಯಿತು, 1,601 ಓಟಿನಿಂದ. ಅನುಕಂಪ ಅಂತ ನಾವು ಹಗುರವಾಗಿ ಬರೆದುಬಿಡುತ್ತೇವೆ. ಸತ್ತವರ ಋಣ ತೀರಿಸಬೇಕು ಅನ್ನೋದು ಹಳ್ಳಿಯವರಿಗೆ ದೊಡ್ಡ ವಿಚಾರ, ಅಕ್ಕ ಹೇಳಿದ್ದು ಸರಿ. ಆದರೆ ಆ ಓಟು ಪಕ್ಷದ ಏರಿಳಿತದ ಲೆಕ್ಕಕ್ಕೆ ಸೇರೋದಿಲ್ಲ, ಅದನ್ನು ಬೇರೆ ಇಡಬೇಕು.

ಈಚೀಚೆಗೆ ಉಪಚುನಾವಣೆ ಬರೋದು ಸಾವಿನಿಂದಲೇ ಅಲ್ಲ ಅನ್ನೋದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಸ್ಥಾನ ಖಾಲಿಯಾದರೆ ಆರು ತಿಂಗಳೊಳಗೆ ಚುನಾವಣೆ ಆಗಬೇಕು, ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಬೇಡ ಅಂತ ಕಾನೂನು. ಒಳ್ಳೆಯ ಕಾನೂನೇ, ಜನ ಪ್ರತಿನಿಧಿ ಇಲ್ಲದೆ ಇರಬಾರದು. ಆದರೆ ಗೆದ್ದು ಬೇರೆ ಕಡೆ ಜಿಗಿಯುವವರು, ದಿಲ್ಲಿಯಿಂದ ಬೆಂಗಳೂರಿಗೆ ಬೆಂಗಳೂರಿನಿಂದ ದಿಲ್ಲಿಗೆ ಓಡಾಡುವವರು ಮಾಡುವ ಖಾಲಿಯನ್ನೂ ನಮ್ಮ ತೆರಿಗೆಯಿಂದಲೇ ತುಂಬಬೇಕು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು 17 ಶಾಸಕರ ಅನರ್ಹತೆಯನ್ನು ಎತ್ತಿಹಿಡಿಯಿತು, ಜೊತೆಗೇ ಅವರು ಮತ್ತೆ ನಿಲ್ಲಬಹುದು ಅಂತಲೂ ಹೇಳಿತು. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು. ಆದರೂ ರಾಜೀನಾಮೆ ಕೊಟ್ಟು ಅದೇ ಅವಧಿಯಲ್ಲಿ ಅದೇ ಸ್ಥಾನಕ್ಕೆ ನಿಲ್ಲುವವರಿಂದ ಆ ಚುನಾವಣೆಯ ಖರ್ಚು ವಸೂಲಿ ಮಾಡುವ ಕಾನೂನು ಬರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಮೇಷ್ಟ್ರೂ ಈ ಒಂದು ಮಾತಿಗೆ ಪೂರ್ತಿ ಒಪ್ಪುತ್ತಾರೆ. ಬೂತಿನಲ್ಲಿ ರಾತ್ರಿ ಕಳೆದವರಿಗೆ ಅದರ ಬೆಲೆ ಗೊತ್ತು.

ಒಪ್ಪದೆ ಉಳಿದದ್ದು 2024ರ ನವೆಂಬರ್. ಚನ್ನಪಟ್ಟಣ, ಸಂಡೂರು, ಶಿಗ್ಗಾಂವಿ ಮೂರೂ ಆಳುವ ಕಾಂಗ್ರೆಸ್ಸಿಗೆ. ಚನ್ನಪಟ್ಟಣದಲ್ಲಿ ನಿಖಿಲ್ ಕುಮಾರಸ್ವಾಮಿಯವರಿಗೆ ಮೂರನೇ ಸೋಲು, 25 ಸಾವಿರದ ಅಂತರ. ಅದು ದೇವೇಗೌಡರ ಮನೆತನದ ಹಿಡಿತ ಸಡಿಲಾದ ಗುರುತು ಅಂತ ಮೇಷ್ಟ್ರು. ಅಲ್ಲಿ ಗೆದ್ದ ಯೋಗೇಶ್ವರ್ ನಾಮಪತ್ರದ ಹೊತ್ತಿಗೆ ಬಿಜೆಪಿಯಿಂದ ಕಾಂಗ್ರೆಸ್ಸಿಗೆ ಬಂದವರು, ಬರುವಾಗ ತಮ್ಮ ಓಟು ಜೊತೆಗೇ ತಂದರು, ಅದರಲ್ಲಿ ಪಕ್ಷದ್ದೆಷ್ಟು ಅಂತ ಬೇರ್ಪಡಿಸೋದು ಹೇಗೆ ಅಂತ ನಾನು. ಸಂಡೂರಿನಲ್ಲಿ ತುಕಾರಾಂ ಅವರ ಪತ್ನಿ ಅನ್ನಪೂರ್ಣಾ ಗೆದ್ದರು, ಅಲ್ಲಿ ಕಾಂಗ್ರೆಸ್ ಮೊದಲಿಂದ ಬಲವಾಗಿಯೇ ಇತ್ತು.

ನನ್ನ ಕಣ್ಣಿರೋದು ಶಿಗ್ಗಾಂವಿಯ ಮೇಲೆ. 2008ರಿಂದ ನಾಲ್ಕು ಸಲ ಬೊಮ್ಮಾಯಿಯವರು ಗೆದ್ದ ಕ್ಷೇತ್ರ. 2023ರಲ್ಲಿ ಅವರ ಎದುರು 35 ಸಾವಿರಕ್ಕೂ ಹೆಚ್ಚು ಅಂತರದಿಂದ ಸೋತಿದ್ದ ಯಾಸಿರ್ ಅಹಮದ್ ಖಾನ್ ಪಠಾಣ್ ಅವರೇ 2024ರಲ್ಲಿ ಅದೇ ಪಕ್ಷದಿಂದ ನಿಂತು, ಬೊಮ್ಮಾಯಿಯವರ ಮಗ ಭರತ್ ಅವರನ್ನು 13 ಸಾವಿರದಿಂದ ಸೋಲಿಸಿದರು. ಪಕ್ಷದಿಂದ ಪಕ್ಷಕ್ಕೆ ಜಿಗಿತ ಇಲ್ಲ, ಸಾವಿನ ಅನುಕಂಪ ಇಲ್ಲ. ಸರ್ಕಾರದ ಭಾರಕ್ಕೆ ಒಂದಿಷ್ಟು ಕಳೆದರೂ 48 ಸಾವಿರಕ್ಕೂ ಮೀರಿದ ಹೊರಳು ಸಣ್ಣದಲ್ಲ ಅಂತ ನಾನು ಹೇಳಿದೆ. "ಆಳುವವರು ಗೆದ್ರೆ ಅರ್ಧ ಬೆಲೆಯೂ ಇಲ್ಲ ಅಂದವಳು ನೀನೇ ಅಲ್ವೇನಮ್ಮಾ," ಅಂದರು ಮೇಷ್ಟ್ರು. "2028ರಲ್ಲಿ ಎಲ್ಲ ಮಂತ್ರಿಗಳೂ ತಂತಮ್ಮ ಕ್ಷೇತ್ರದಲ್ಲಿ ಓಡಾಡ್ತಿರ್ತಾರೆ, ಶಿಗ್ಗಾಂವಿಗೆ ಬರೋಕೆ ಯಾರಿಗೂ ಪುರುಸೊತ್ತಿರಲ್ಲ. ಆಗ ಆ 13 ಸಾವಿರದಲ್ಲಿ ಎಷ್ಟು ಉಳಿಯುತ್ತೆ ನೋಡಿ ಹೇಳು."